ಮಾಂಸದ ತಳಿಯ ಬೀಜದ ಹೋರಿ: ಇ.ಪಿ.ಡಿ. ಅಂಕಿ ಓದುವಾಗ ಎಡವುವ ಜಾಗ

ಅಮೆರಿಕದ ಆಂಗಸ್ ಹೋರಿಗಳ ಮಾರಾಟ ಪಟ್ಟಿಯಲ್ಲಿ ಪ್ರತಿ ಹೋರಿಯ ಕೆಳಗೂ ಇ.ಪಿ.ಡಿ. (ಸಂತತಿಯಲ್ಲಿ ನಿರೀಕ್ಷಿಸಬಹುದಾದ ಅಂತರ) ಅಂಕಿಗಳ ಉದ್ದ ಸಾಲು ಇರುತ್ತದೆ. ಅದಕ್ಕೆ ಕೈ ಹಾಕುವ ಮೊದಲು ಎರಡು ವಿಷಯ ಬರೆದಿಟ್ಟುಕೊಳ್ಳಿ. ಹೋರಿಯನ್ನು ಬಿಡುವುದು ಮಣಕಗಳಿಗೋ, ಕರು ಹಾಕಿ ಪಳಗಿದ ಹಸುಗಳಿಗೋ? ಹುಟ್ಟುವ ಹೆಣ್ಣುಗರುಗಳು ಮಂದೆಯಲ್ಲಿ ಉಳಿಯುತ್ತವೋ, ಎಲ್ಲವೂ ಮಾರಾಟಕ್ಕೋ?

ಅರ್ಧದ ಗೊಂದಲ

ಇ.ಪಿ.ಡಿ. ಹೋರಿಯ ತೂಕವಲ್ಲ, ಅದರ ಕರುವಿನ ತೂಕವೂ ಅಲ್ಲ. ಎರಡು ಹೋರಿಗಳ ಕರುಗಳ ನಡುವೆ ಸರಾಸರಿ ಎಷ್ಟು ಅಂತರ ಬರಬಹುದು ಎಂಬುದಷ್ಟೇ. ಹಾಲು ಬಿಡಿಸುವಾಗಿನ ತೂಕಕ್ಕೆ (205 ದಿನಕ್ಕೆ ಹೊಂದಿಸಿದ್ದು) 'ಅ' ಹೋರಿಯದು +75, 'ಆ' ಹೋರಿಯದು +55 ಎನ್ನಿ. ಒಂದೇ ಬಗೆಯ ಹಸುಗಳು, ಒಂದೇ ಮೇವು ಇದ್ದರೆ 'ಅ'ನ ಕರುಗಳು ಸರಾಸರಿ 20 ಪೌಂಡ್ ಹೆಚ್ಚು ತೂಗುತ್ತವೆ.

ಹತ್ತಲ್ಲ, ಪೂರ್ತಿ ಇಪ್ಪತ್ತು. ಎಡವುವುದು ಇಲ್ಲೇ. ಕರುವಿಗೆ ತಂದೆಯಿಂದ ಬರುವುದು ಅರ್ಧ ತಾನೇ ಎಂದು 20ನ್ನು ಎರಡರಿಂದ ಭಾಗಿಸಿಬಿಡುತ್ತೇವೆ. ಆ ಅರ್ಧ ಮಾಡುವ ಕೆಲಸ ಇ.ಪಿ.ಡಿ.ಯೊಳಗೆ ಆಗಲೇ ಮುಗಿದಿದೆ. ಆಸ್ಟ್ರೇಲಿಯಾದ ತಳಿ ಮೌಲ್ಯಮಾಪನ ವ್ಯವಸ್ಥೆ ಬ್ರೀಡ್‌ಪ್ಲಾನ್ ಕೊಡುವ ಇ.ಬಿ.ವಿ. (ಅಂದಾಜು ತಳಿಮೌಲ್ಯ) ಬೇರೆ: ಅದು ಹೋರಿಯದೇ ತಳಿಮೌಲ್ಯ. ಅಲ್ಲಿ 20 ಕಿಲೋ ಅಂತರ ಕಂಡರೆ ಕರುವಿನಲ್ಲಿ 10 ಕಿಲೋ. ಎರಡೂ ದೇಶದ ಪಾಠಗಳನ್ನು ಒಟ್ಟಿಗೆ ಓದುವವರು ಪುಟದ ಮೇಲೆ ಯಾವ ಅಂಕಿ ಎಂದು ಮೊದಲೇ ಗುರುತು ಹಾಕಿಕೊಳ್ಳಿ.

ಇನ್ನೊಂದು: ಸೊನ್ನೆ ಎಂದರೆ ತಳಿಯ ಸರಾಸರಿ ಅಲ್ಲ. ಪ್ಲಸ್ ಇದೆ ಎಂದು ಹಿಗ್ಗುವ ಮೊದಲು ಶೇಕಡಾವಾರು ಸ್ಥಾನದ ಪಟ್ಟಿ (ತಳಿಯ ಉಳಿದವುಗಳ ನಡುವೆ ಹೋರಿ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು) ನೋಡಿ. +40 ಇದ್ದೂ ಹೋರಿ ತಳಿಯ ಕೆಳಗಿನ ಅರ್ಧದಲ್ಲಿರಬಹುದು. ಆಂಗಸ್ ಅಂಕಿಯನ್ನು ಹೆರಿಫರ್ಡ್ ಅಂಕಿಯ ಪಕ್ಕ ನೇರವಾಗಿ ಇಡಬೇಡಿ, ತಳಿಗಳ ನಡುವಿನ ಹೊಂದಾಣಿಕೆ ಅಂಕಿ ಸೇರಿಸಿಯೇ ಹೋಲಿಸಬೇಕು.

ಮಣಕಗಳಿಗಾದರೆ

ಸುಲಭವಾಗಿ ಈಯುವುದಕ್ಕೆ ಸಿ.ಇ.ಡಿ. (ಹೋರಿಯ ಕರು ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಂಬ ಇ.ಪಿ.ಡಿ.) ಒಂದನ್ನೇ ನೋಡಿ. +10 ಮತ್ತು +4 ಹೋರಿಗಳನ್ನು ಹೋಲಿಸಿದರೆ, ಮೊದಲನೆಯದರಿಂದ ಗಬ್ಬವಾದ ನೂರು ಮಣಕಗಳಲ್ಲಿ ಇನ್ನೂ ಆರು ಯಾರ ನೆರವೂ ಇಲ್ಲದೆ ಈಯುತ್ತವೆ. ಹುಟ್ಟಿದಾಗಿನ ತೂಕದ ಮಾಹಿತಿ ಸಿ.ಇ.ಡಿ.ಯ ಲೆಕ್ಕದೊಳಗೇ ಸೇರಿದೆ. ಎರಡನ್ನೂ ಜರಡಿಯಾಗಿ ಹಿಡಿದರೆ ಒಂದೇ ಗುಣವನ್ನು ಎರಡು ಸಲ ಎಣಿಸಿದ ಹಾಗೆ. ಚೆನ್ನಾಗಿ ಬೆಳೆಯುವ ಹೋರಿಗಳು ಸುಮ್ಮನೆ ಕೈತಪ್ಪುತ್ತವೆ.

'ಮಿಲ್ಕ್' ಅಂಕಿ ಹೈನು ತಳಿ ಓದಿ ಬಂದ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಲೀಟರ್ ಅಲ್ಲ. ಹೋರಿಯ ಹೆಣ್ಣುಮಕ್ಕಳ ಹಾಲಿನಿಂದ ಅವುಗಳ ಕರುಗಳಿಗೆ ಸೇರುವ ತೂಕ, ಪೌಂಡ್‌ನಲ್ಲಿ. ಹುಲ್ಲು ಕಡಿಮೆ ಇರುವ ಕಡೆ ಈ ಅಂಕಿ ತೀರಾ ಹೆಚ್ಚಿದ್ದರೆ ಹಸು ಸೊರಗಿ, ಹೊತ್ತಿಗೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಹೆಣ್ಣುಗರುಗಳನ್ನೆಲ್ಲ ಮಾರುವವರು ಈ ಕಾಲಂ ಬಿಟ್ಟುಬಿಡಬಹುದು.

ಹೋರಿಯ ಮೈ

ಅಂಕಿ ಎಷ್ಟೇ ಚೆನ್ನಾಗಿದ್ದರೂ ಸಂತಾನಕ್ಷಮತೆ ಪರೀಕ್ಷೆ ಆಗದ ಹೋರಿ ಬೇಡ. ವೃಷಣದ ಸುತ್ತಳತೆ 15 ತಿಂಗಳವರೆಗೆ ಕನಿಷ್ಠ 30 ಸೆಂ.ಮೀ., ಎರಡು ವರ್ಷ ದಾಟಿದ್ದಕ್ಕೆ 34. ವೀರ್ಯಾಣುಗಳಲ್ಲಿ ಮುಂದಕ್ಕೆ ಚಲಿಸುವಂಥವು ಕನಿಷ್ಠ ಶೇ. 30, ಆಕಾರ ಸರಿಯಿರುವವು ಶೇ. 70. ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಹಾಗಾಗಿ ಜ್ವರವೋ ವೃಷಣಕ್ಕೆ ಹಿಮದ ಹೊಡೆತವೋ ಆಗಿ ಫೇಲಾದ ಹೋರಿಯನ್ನು 60 ದಿನ ಕಾದು ಮತ್ತೆ ಪರೀಕ್ಷಿಸಬೇಕು. ಕಾಲು, ಗೊರಸು, ಕಣ್ಣು ನೋಡುವುದು ಎಲ್ಲರಿಗೂ ಗೊತ್ತು.

ಈ ಪರೀಕ್ಷೆ ಹೋರಿಗೆ ಹಸು ಹತ್ತುವ ಆಸೆ ಇದೆಯೇ ಎಂದು ಹೇಳುವುದಿಲ್ಲ. ಮಂದೆಗೆ ಬಿಟ್ಟ ಮೊದಲ ದಿನಗಳಲ್ಲಿ ಕಣ್ಣಿಟ್ಟು ನೋಡಿ, ಹತ್ತಿದ ಹಸುಗಳ ಕಿವಿಯೋಲೆ ಸಂಖ್ಯೆ ಬರೆದುಕೊಳ್ಳಿ. ಸುಮಾರು 21 ದಿನಕ್ಕೆ ಅವುಗಳಲ್ಲಿ ಬಹಳಷ್ಟು ಮತ್ತೆ ಬೆದೆಗೆ ಬಂದರೆ ಕಾಯಬೇಡಿ, ಆವತ್ತೇ ಹೋರಿ ಬದಲಿಸಿ.