ನಮ್ಮ ಕಾಡಿನ ಕಾಯಿಲೆ, ನಲವತ್ತು ಡಾಲರಿನ ಪ್ರಬಂಧ

ಕಳೆದ ಜನವರಿಯಲ್ಲಿ ಸಾಗರದ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಅಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾರೆ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತವರು "ಇಲ್ಲಿ ಬಾ, ಇದನ್ನ ನೋಡು" ಎಂದು ಕರೆದರು. ಉಣುಗು ಹುಳ ಮಂಗನ ಕಾಯಿಲೆಯನ್ನು ಹೇಗೆ ಹಬ್ಬಿಸುತ್ತದೆ ಎಂಬ ಬಗ್ಗೆ ಒಂದು ಸಂಶೋಧನಾ ಪ್ರಬಂಧ. ತೆರೆಯ ಮೇಲೆ ಸಾರಾಂಶ ಮಾತ್ರ ಕಾಣುತ್ತಿತ್ತು. ಕೆಳಗೊಂದು ಬಟನ್. ಪೂರ್ತಿ ಓದಬೇಕೆಂದರೆ 40 ಡಾಲರ್ ಕಟ್ಟಬೇಕು. ಅದೂ 24 ಗಂಟೆಗೆ. ಎಂಟು ಪುಟಕ್ಕೆ ಮೂರು ಸಾವಿರ ರೂಪಾಯಿಗಿಂತ ಜಾಸ್ತಿ!

"ಉಣುಗು ನಮ್ಮ ಕಾಡಿನದು. ಸತ್ತ ಮಂಗ ನಮ್ಮದು. ಜ್ವರ ಬಂದು ಮಲಗಿದವರೂ ನಮ್ಮವರೇ. ಅದರ ಬಗ್ಗೆ ಓದೋಕೆ ನಾವೇ ಡಾಲರ್ ಕೊಡಬೇಕಾ?" ಎಂದರು ಅತ್ತಿಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕಾಯಿಲೆಯ ವೈರಸ್ ಮೊದಲು ಗೊತ್ತಾದದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪತ್ತೆ ಹಚ್ಚಿದರು. ವೈರಸ್‌ಗೆ ಆ ಕಾಡಿನ ಹೆಸರೇ ಅಂಟಿತು. ಇವತ್ತು ಯಾವುದಾದರೂ ವೈದ್ಯಕೀಯ ಡೇಟಾಬೇಸ್‌ನಲ್ಲಿ, ಅಂದರೆ ಪ್ರಬಂಧಗಳ ಆನ್‌ಲೈನ್ ಸಂಗ್ರಹದಲ್ಲಿ, "ಕ್ಯಾಸನೂರು" ಎಂದು ಹುಡುಕಿದರೆ ನೂರಾರು ಪ್ರಬಂಧಗಳು ಬರುತ್ತವೆ. ಕೆಲವನ್ನು ಸುಮ್ನೆ ತೆರೆದು ಓದಬಹುದು. ಉಳಿದವಕ್ಕೆ ಬೀಗ.

ಹಾಗಾದರೆ ಈ ಬೆಲೆ ಎಲ್ಲಿಂದ ಬರುತ್ತದೆ? ಒಂದು ಕಿಲೋ ಅಡಕೆ ಮಾರಿದರೆ ಚೀಲದಲ್ಲಿ ಒಂದು ಕಿಲೋ ಕಡಿಮೆಯಾಗುತ್ತದೆ. ಡೇಟಾಬೇಸ್ ಹಾಗಲ್ಲ. ಹತ್ತು ಸಾವಿರ ಜನ ಓದಿದರೂ ಪ್ರಬಂಧ ಸವೆಯುವುದಿಲ್ಲ. ಖರ್ಚೆಲ್ಲ ಮೊದಲ ಪ್ರತಿಗೇ ಆಗಿರುತ್ತದೆ. ಬಂದ ಪ್ರಬಂಧಗಳನ್ನು ತಜ್ಞರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು, ತಿದ್ದಬೇಕು, ಸರ್ವರ್‌ನಲ್ಲಿ ಇಟ್ಟು ಕಾಯಬೇಕು. ಆಮೇಲೆ ಇನ್ನೊಬ್ಬ ಓದುಗ ಬಂದರೆ ಹೆಚ್ಚುವರಿ ಖರ್ಚು ಇಲ್ಲವೆಂದೇ ಹೇಳಬಹುದು. ಹಾಗಾಗಿ ಇಂಥ ಸರಕಿಗೆ "ಇದೇ ನ್ಯಾಯವಾದ ದರ" ಅಂತ ಒಂದು ದರ ಇರುವುದಿಲ್ಲ. ಕೊಳ್ಳುವವರು ಯಾರು, ಎಷ್ಟು ಜನ, ಎಷ್ಟು ಕೊಡಬಲ್ಲರು ಎಂಬುದರ ಮೇಲೆ ದರ ಕಟ್ಟುತ್ತಾರೆ.

ಇನ್ನೊಂದು ವಿಷಯ. ಲೈಬ್ರರಿ ಇಲ್ಲಿ ಕೊಳ್ಳುವುದು ಪ್ರಬಂಧವನ್ನಲ್ಲ, ಓದುವ ಲೈಸೆನ್ಸನ್ನು. ಕೆಲವು ಕಡೆ ಕಾಲೇಜಿನ ವಿದ್ಯಾರ್ಥಿಗಳ ಸಂಖ್ಯೆ ನೋಡಿ ದರ ಹಾಕುತ್ತಾರೆ. ಕೆಲವು ಕಡೆ ಒಂದೇ ಹೊತ್ತಿಗೆ ಇಷ್ಟು ಜನ ಅಂತ ಲೆಕ್ಕ. ನಾನು ಎಂ.ಎಸ್ಸಿ. ಓದುವಾಗ ನಮ್ಮ ಲೈಬ್ರರಿಯಲ್ಲಿ ಒಂದು ಡೇಟಾಬೇಸ್ ಇತ್ತು. ಏಕಕಾಲಕ್ಕೆ ನಾಲ್ಕೇ ಜನ ಬಳಸಬಹುದಿತ್ತು. ಐದನೆಯವನಾಗಿ ಕೂತರೆ "ಆಮೇಲೆ ಪ್ರಯತ್ನಿಸಿ" ಎಂದು ಬರುತ್ತಿತ್ತು. ಒಳಗಿದ್ದವರು ಲಾಗ್ ಔಟ್ ಮಾಡದೆ ಕ್ಯಾಂಟೀನಿಗೆ ಹೋಗಿರುತ್ತಿದ್ದರು. ನಾವು ಮೇಜಿನಿಂದ ಮೇಜಿಗೆ ಹೋಗಿ "ನಿಮ್ದು ಮುಗೀತಾ?" ಎಂದು ಕೇಳುತ್ತಿದ್ದೆವು. ಕ್ಯಾಂಪಸ್ಸಿನ ಐಪಿ ವಿಳಾಸ (ಅಲ್ಲಿನ ಇಂಟರ್ನೆಟ್ ಸಂಪರ್ಕದ ಗುರುತು) ನೋಡಿ ಬಾಗಿಲು ತೆರೆಯುವ ಪದ್ಧತಿ ಬೇರೆ. ಮಳೆಗೆ ರಜೆ ಕೊಟ್ಟರೆಂದು ಊರಿಗೆ ಹೋದರೆ ಅದೇ ಪ್ರಬಂಧ ಮನೆಯಲ್ಲಿ ತೆರೆಯುತ್ತಿರಲಿಲ್ಲ. ಈಗ ಹೊರಗಿನಿಂದ ಲಾಗಿನ್ ಆಗುವ ವ್ಯವಸ್ಥೆ ಬಹಳ ಕಡೆ ಬಂದಿದೆ.

1996ರಲ್ಲಿ ಅಕಾಡೆಮಿಕ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆ ತನ್ನ ಸಂಶೋಧನಾ ಪತ್ರಿಕೆಗಳನ್ನೆಲ್ಲ ಒಂದೇ ಗಂಟು ಕಟ್ಟಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಿಗೆ ಕೊಟ್ಟಿತು. ಬೇರೆಯವರೂ ಅದೇ ದಾರಿ ಹಿಡಿದರು. ಓದಲು ಪತ್ರಿಕೆಗಳೇನೋ ಹೆಚ್ಚಾದವು. ಆದರೆ ಬೇಕಾದ್ದು ಐದೇ ಇದ್ದರೂ ಇಡೀ ಗಂಟಿಗೆ ದುಡ್ಡು ಕಟ್ಟಬೇಕಾಯಿತು. ಎಷ್ಟೋ ಒಪ್ಪಂದಗಳಲ್ಲಿ ಚಂದಾ ನಿಂತ ದಿನ ಹಳೆಯ ಸಂಚಿಕೆಗಳೂ ಕೈತಪ್ಪುತ್ತವೆ. ಬೈಂಡ್ ಮಾಡಿಸಿಟ್ಟ ಸಂಪುಟ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿದರೂ ಕಪಾಟಿನಲ್ಲೇ ಇರುತ್ತಿತ್ತು, ಅಲ್ವಾ?

ಚೌಕಾಸಿಗೆ ಬಲ ಬರುವುದು ಒಟ್ಟಾದಾಗ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ "ಒಂದು ದೇಶ ಒಂದು ಚಂದಾ" ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸುಮಾರು 6,300 ಸರ್ಕಾರಿ ಸಂಸ್ಥೆಗಳ ಹತ್ತಿರ ಹತ್ತಿರ 1.8 ಕೋಟಿ ಜನರಿಗೆ ಇದರ ಪ್ರಯೋಜನ. ನಾನು ಕೂತು ಲೆಕ್ಕ ಹಾಕಿದೆ. ಒಬ್ಬರಿಗೆ ವರ್ಷಕ್ಕೆ 1,100 ರೂಪಾಯಿ ಚಿಲ್ಲರೆ ಬೀಳುತ್ತದೆ. ಅತ್ತಿಗೆ ಒಂದು ಪ್ರಬಂಧವನ್ನು ಒಂದು ದಿನ ಓದಲು ಕಟ್ಟಬೇಕಿದ್ದ ದುಡ್ಡಿನಲ್ಲಿ, ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು ಸಾವಿರಾರು ಪತ್ರಿಕೆಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಓದಬಹುದು! ಇದು ದೊಡ್ಡ ಕೆಲಸ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಸರ್ಕಾರಿ ಸಂಸ್ಥೆಗಳಿಗಾಗಿಯೇ ಇದನ್ನು ಮಾಡಿದ್ದಾರೆ.

ಆದರೆ ಅತ್ತಿಗೆಯ ಖಾಸಗಿ ಕಾಲೇಜು ಹೊರಗೇ ಉಳಿಯಿತು. ತೀರ್ಥಹಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರು ಹೊರಗೆ. ಎಲೆಚುಕ್ಕಿ ರೋಗಕ್ಕೆ ಅಡಕೆ ತೋಟ ಕಳೆದುಕೊಳ್ಳುತ್ತಿರುವ ಬೆಳೆಗಾರ ಹೊರಗೆ. ಜ್ವರ ಹಿಡಿದವರು ಮೊದಲು ಹೋಗುವುದು ಆ ಕ್ಲಿನಿಕ್ಕಿಗೇ. ದೇಶ ನೋಡಿ ದರ ಇಳಿಸುವುದು ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಿನಾರಿ ಯೋಜನೆ 2002ರಿಂದ ತೀರಾ ಬಡ ದೇಶಗಳ ಸಂಸ್ಥೆಗಳಿಗೆ ವೈದ್ಯಕೀಯ ಪತ್ರಿಕೆಗಳನ್ನು ಉಚಿತವಾಗಿ ಕೊಡುತ್ತಿದೆ. ದೇಶಕ್ಕೆ ತಕ್ಕಂತೆ ಬಗ್ಗುವ ದರ, ಒಬ್ಬ ಓದುಗನ ಎದುರು ಮಾತ್ರ ಯಾಕೆ ಸೆಟೆದು ನಿಲ್ಲಬೇಕು? ಬರೆದವರ ಕಡೆಯಿಂದಲೇ ಖರ್ಚು ಭರಿಸಿ ಓದುಗರಿಗೆ ಉಚಿತವಾಗಿ ಬಿಡುವ ಪತ್ರಿಕೆಗಳೂ ಇವೆ. ಮಂಗನ ಕಾಯಿಲೆ ಎಲ್ಲೆಲ್ಲಿ ಬರಬಹುದು ಎಂದು ನಕ್ಷೆ ಮಾಡಿದ 2020ರ ಒಂದು ಪ್ರಬಂಧ ಅಂಥ ಪತ್ರಿಕೆಯಲ್ಲೇ ಬಂತು.

ನನಗೆ ತುಂಬಾ ಇಷ್ಟವಾದದ್ದು ಎಷ್ಟೋ ಲೈಸೆನ್ಸ್‌ಗಳಲ್ಲಿ ಇರುವ ಒಂದು ಸಣ್ಣ ಸಾಲು. ಲೈಬ್ರರಿಗೆ ಖುದ್ದಾಗಿ ಬಂದ ಹೊರಗಿನವರೂ ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಓದಬಹುದು ಎನ್ನುವ ಸಾಲು. ಎಷ್ಟೋ ಲೈಬ್ರರಿಗಳಿಗೆ ತಮ್ಮ ಒಪ್ಪಂದದಲ್ಲಿ ಅದು ಇದೆ ಎಂಬುದೇ ನೆನಪಿರುವುದಿಲ್ಲ. ಇದ್ದರೆ ಬಾಗಿಲಲ್ಲಿ ಒಂದು ಬೋರ್ಡ್ ಹಾಕಲಿ. ಇಲ್ಲದಿದ್ದರೆ ಮುಂದಿನ ಸಲ ಸಹಿ ಹಾಕುವ ಮೊದಲು ಕೇಳಿ ಸೇರಿಸಲಿ.

ಅತ್ತಿಗೆ ಆ ರಾತ್ರಿ ಪ್ರಬಂಧ ಬರೆದವರಿಗೇ ನಾಲ್ಕು ಸಾಲಿನ ಇಮೇಲ್ ಕಳಿಸಿದರು. ಮೂರನೇ ದಿನ ಪಿಡಿಎಫ್ ಬಂತು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ದೊಡ್ಡ ಉಣುಗಲ್ಲ, ಕಣ್ಣಿಗೆ ಸುಲಭವಾಗಿ ಕಾಣದ ಅದರ ಮರಿ. ಬೇಸಿಗೆ ಮುಗಿಯುವವರೆಗೂ ಅವುಗಳ ಕಾಟ ಎಂಬುದನ್ನು ಅವರು ಮರುದಿನವೇ ಬೋರ್ಡಿನ ಮೇಲೆ ಬರೆದು ತೋರಿಸಿದರು. ತರಗತಿಯಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯವರು ಆ ವಾರ ತರಗೆಲೆ ಗುಡಿಸಲು ಕಾಡಿಗೆ ಹೋಗುವವರಿದ್ದರು.