ಮಗುವಿನ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿದರೆ ದೇವರ ಮೇಲಿನ ನಂಬಿಕೆ ಸಡಿಲವಾದಂತೆಯೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗಳಿಗೆ ಕೂಸಾಗಿದ್ದಾಗಿನಿಂದಲೂ ಫಿಟ್ಸ್ ಬರುತ್ತಿದೆ. ಮೂರು ಬಗೆಯ ಔಷಧಿ ಕೊಟ್ಟರೂ ನಿಂತಿಲ್ಲ. ಈಗ ವೈದ್ಯರು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುತ್ತಿದ್ದಾರೆ. ನಾವು ಮನೆದೇವರಿಗೆ ಹರಕೆ ಹೊತ್ತಿದ್ದೇವೆ. ದೇವರೇ ಕೈಹಿಡಿಯುತ್ತಾನೆಂದು ನಂಬಿ ಇನ್ನೂ ಸ್ವಲ್ಪ ಕಾಲ ಕಾಯಬಹುದೇ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಮ್ಮ ನಂಬಿಕೆ ಅಲ್ಲಿಗೆ ಮುಗಿದಂತಾಗುವುದಿಲ್ಲವೇ?

ಉತ್ತರ: ಇಲ್ಲ, ಸಹಿ ಹಾಕಿದ ಮಾತ್ರಕ್ಕೆ ನಂಬಿಕೆ ಮುಗಿಯುವುದಿಲ್ಲ. ಈ ಪ್ರಶ್ನೆಯನ್ನು ಅನೇಕ ತಂದೆತಾಯಿಯರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ; ಕೆಲವರು ದರ್ಗಾದ ಹೆಸರು ಹೇಳುತ್ತಾರೆ, ಕೆಲವರು ಇಗರ್ಜಿಯ ಹೆಸರು ಹೇಳುತ್ತಾರೆ, ಆದರೆ ಒಳಗಿನ ಅಳುಕು ಒಂದೇ. ಅದಕ್ಕೆ ಉತ್ತರಿಸುವ ಮೊದಲು ಕಾಯುವುದೆಂದರೆ ಏನೆಂಬುದನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಗುವಿನ ವಿಷಯದಲ್ಲಿ ನಾವು ಕಾಯುತ್ತಿರುವಾಗಲೂ ರೋಗ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಅಪಸ್ಮಾರ, ಅಂದರೆ ಪದೇ ಪದೇ ಫಿಟ್ಸ್ (ಸೆಳವು) ಬರುವ ರೋಗ, ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಔಷಧಿಯಿಂದ ಸೆಳವು ಪೂರ್ಣವಾಗಿ ನಿಲ್ಲುವುದಿಲ್ಲ. ಸರಿಯಾಗಿ ಆಯ್ದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮೇಲೂ ಸೆಳವು ಮುಂದುವರಿದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರವೆಂದು ಪರಿಗಣಿಸಬೇಕೆಂದು ಈ ರೋಗದ ಅಂತರರಾಷ್ಟ್ರೀಯ ತಜ್ಞರ ಸಂಘ 2010ರಲ್ಲಿ ನಿರ್ಣಯಿಸಿತು. ಮೂರನೆಯ, ನಾಲ್ಕನೆಯ ಔಷಧಿಯಿಂದ ಸೆಳವು ನಿಲ್ಲುವ ಸಾಧ್ಯತೆ ಇಲ್ಲವೆಂದಲ್ಲ, ಆದರೆ ಅದು ಬಹಳ ಕಡಿಮೆ. ಈ ನಡುವೆ ಮಗು ಮಾತು ಕಲಿಯುವ, ಕೈ ಬಳಸುವ, ಬೇರೆ ಮಕ್ಕಳೊಡನೆ ಬೆರೆಯುವ ವರ್ಷಗಳು ಸೆಳವಿನ ಪಾಲಾಗುತ್ತವೆ, ಮತ್ತು ಕೆಲವು ಮಕ್ಕಳು ಕಲಿತದ್ದನ್ನೂ ಮರೆಯತೊಡಗುತ್ತಾರೆ. ಎಳೆಯ ಮೆದುಳಿಗೆ ಒಂದು ಭಾಗದ ಕೆಲಸವನ್ನು ಇನ್ನೊಂದು ಭಾಗಕ್ಕೆ ವಹಿಸಿಕೊಡುವ ಶಕ್ತಿ ಹೆಚ್ಚು. ವಯಸ್ಸಾದಂತೆ ಅದು ಕುಗ್ಗುತ್ತದೆ. ಆದ್ದರಿಂದಲೇ ವೈದ್ಯರು ನಿಮ್ಮನ್ನು ಈಗಲೇ ಕೇಳುತ್ತಿದ್ದಾರೆ.

ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ನಡೆಸಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಮುಖ್ಯ, ಏಕೆಂದರೆ ಅದು ನಮ್ಮ ದೇಶದ ಮಕ್ಕಳ ಮೇಲೆಯೇ ನಡೆದದ್ದು. ಔಷಧಿಗೆ ಬಗ್ಗದ ಅಪಸ್ಮಾರವಿದ್ದ, 18 ವರ್ಷದೊಳಗಿನ 116 ಮಂದಿಯಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ, ಉಳಿದವರಿಗೆ ಔಷಧಿಯನ್ನಷ್ಟೇ ಮುಂದುವರಿಸಿ ಹೋಲಿಸಿದಾಗ, ಒಂದು ವರ್ಷದ ನಂತರ ಸೆಳವಿಲ್ಲದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 77, ಎರಡನೆಯದರಲ್ಲಿ ಶೇ. 7 ಮಾತ್ರ. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದವರ ಪೈಕಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಗಂಭೀರವಾದ ತೊಂದರೆಗಳೂ ಆದವು. ಅವುಗಳಲ್ಲಿ ಹೆಚ್ಚಿನದು ದೇಹದ ಒಂದು ಪಕ್ಕದ ದೌರ್ಬಲ್ಯ. ಎರಡು ಅಂಕಿಗಳನ್ನೂ ಜೊತೆಯಲ್ಲೇ ಇಟ್ಟುಕೊಂಡು ಯೋಚಿಸಬೇಕು.

ನಂಬಿಕೆಗೆ ನಿಜವಾದ ಕೆಲಸ ಬೀಳುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಹುಟ್ಟಿನ ಸಮಯದಲ್ಲಿ ಮೆದುಳಿನ ಒಂದು ಪಕ್ಕಕ್ಕೆ ರಕ್ತ ಹರಿಯದೆ ಪೆಟ್ಟಾದ ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಂಥ ಮಗುವಿಗೆ ಹಾನಿಯಾದ ಅರ್ಧಭಾಗವನ್ನು ಆರೋಗ್ಯವಾಗಿರುವ ಅರ್ಧಭಾಗದಿಂದ ಬೇರ್ಪಡಿಸುವ ಹೆಮಿಸ್ಫೆರಾಟಮಿ ಎಂಬ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ಸೆಳವು ಹುಟ್ಟುವ ಕಡೆಯಿಂದ ಅದು ದಾಟಿ ಬರುವ ದಾರಿಗಳನ್ನು ಕತ್ತರಿಸುವುದು ಇದರ ಉದ್ದೇಶ. ಇದರಿಂದ ಎದುರು ಪಕ್ಕದ ಕೈಬೆರಳುಗಳ ನವಿರಾದ ಚಲನೆ ಬಹುಮಟ್ಟಿಗೆ ಹೋಗುತ್ತದೆ, ಎರಡೂ ಕಣ್ಣುಗಳಲ್ಲಿ ಆ ಪಕ್ಕದ ಅರ್ಧ ನೋಟ ಇಲ್ಲವಾಗುತ್ತದೆ. ನಡೆಯುವುದನ್ನು ಮಾತ್ರ ಹೆಚ್ಚಿನ ಮಕ್ಕಳು ವ್ಯಾಯಾಮ ಚಿಕಿತ್ಸೆಯ ನೆರವಿನಿಂದ ಮತ್ತೆ ಸಾಧಿಸಿಕೊಳ್ಳುತ್ತಾರೆ. ರಕ್ತಸ್ರಾವ, ಸೋಂಕು, ಮೆದುಳಿನಲ್ಲಿ ನೀರು ಕಟ್ಟಿಕೊಳ್ಳುವುದು ಇವೆಲ್ಲ ಸಾಧ್ಯ, ಮತ್ತು ಅಪರೂಪಕ್ಕೆ ಪ್ರಾಣಾಪಾಯವೂ ಉಂಟು. ಇದನ್ನೆಲ್ಲ ಕೇಳಿಸಿಕೊಂಡ ಮೇಲೂ, ತನ್ನ ಮಗುವಿನ ಒಂದು ಕೈಯ ಚುರುಕನ್ನು ಬಿಟ್ಟುಕೊಟ್ಟು ಅದರ ಉಳಿದ ಬಾಳನ್ನು ಕಾಪಾಡಿಕೊಳ್ಳಲು ಒಪ್ಪುವ ತಾಯಿಗೆ ಅಂಕಿಅಂಶಗಳಷ್ಟೇ ಸಾಲುವುದಿಲ್ಲ. ಯಾವ ಭಾಗವನ್ನು ಮುಟ್ಟಬೇಕೆಂಬುದನ್ನು ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ವಿಡಿಯೋ ಇಇಜಿ, ಎಂಆರ್‌ಐ ಸ್ಕ್ಯಾನ್ ಮತ್ತು ತಜ್ಞರ ಮಂಡಳಿ ನಿರ್ಧರಿಸಬೇಕು. ನಿರ್ಧಾರವಾದ ಮೇಲೆ ಅದರ ಭಾರವನ್ನು ಹೊತ್ತು ನಿಲ್ಲುವ ಬಲವನ್ನು ದೇವರಲ್ಲಿ ಬೇಡಬಹುದು. ಮೊದಲನೆಯ ಕೆಲಸವನ್ನು ಪ್ರಾರ್ಥನೆಗೆ ವಹಿಸಿದರೆ ಮಗುವಿಗೆ ಅನ್ಯಾಯವಾಗುತ್ತದೆ, ಎರಡನೆಯದನ್ನು ಸ್ಕ್ಯಾನಿಂಗ್ ಯಂತ್ರದಿಂದ ನಿರೀಕ್ಷಿಸಿದರೆ ನೀವೇ ಕುಸಿಯುತ್ತೀರಿ.

ಇನ್ನೂ ಸಂದೇಹವಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ.

ಬಂಧುಗಳ ಮಾತು ಇನ್ನೊಂದು ಕಷ್ಟ. ಯಾವುದೋ ಜನ್ಮದ ಪಾಪ, ನಾಗದೋಷ, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು ಎಂದು ಕಾರಣಗಳನ್ನು ಹುಡುಕಿ ತಾಯಿಯ ತಲೆಗೆ ಕಟ್ಟುವವರು ಇದ್ದಾರೆ. ಚರಕ ಸಂಹಿತೆಯು ಅಪಸ್ಮಾರವನ್ನು ಇತರ ರೋಗಗಳ ಸಾಲಿನಲ್ಲಿಯೇ ಇಟ್ಟು, ವಾತ, ಪಿತ್ತ, ಕಫ ಮತ್ತು ಈ ಮೂರೂ ಒಟ್ಟಿಗೆ ಕೆಡುವ ಸನ್ನಿಪಾತದಿಂದ ಹುಟ್ಟುವ ನಾಲ್ಕು ಬಗೆಗಳನ್ನು ಹೇಳಿ, ಚಿಕಿತ್ಸೆಯನ್ನೂ ವಿವರಿಸಿದೆ. ನಮ್ಮ ಪರಂಪರೆಯೇ ಇದನ್ನು ಚಿಕಿತ್ಸೆಗೆ ಅರ್ಹವಾದ ರೋಗವೆಂದು ಕಂಡಿರುವಾಗ ಶಸ್ತ್ರಚಿಕಿತ್ಸೆಯನ್ನು ದೈವದ್ರೋಹವೆಂದು ಭಾವಿಸಲು ಆಧಾರವಿಲ್ಲ, ತಾಯಿಯನ್ನು ದೂಷಿಸಲಂತೂ ಯಾವ ಆಧಾರವೂ ಇಲ್ಲ.

ಪ್ರಾರ್ಥನೆಯಿಂದ ಫಲಿತಾಂಶ ಬದಲಾಗುತ್ತದೆಯೇ ಎಂದು ಕೇಳುವವರಿಗೂ ಪ್ರಾಮಾಣಿಕವಾಗಿ ಉತ್ತರಿಸಬೇಕು. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪರಿಚಿತರು ತಮಗಾಗಿ ಪ್ರಾರ್ಥಿಸುವರೋ ಇಲ್ಲವೋ ಎಂಬುದು ಖಚಿತವಿಲ್ಲದ ರೋಗಿಗಳ ಪೈಕಿ, ಪ್ರಾರ್ಥನೆ ಪಡೆದವರಲ್ಲಿ ಶೇ. 52 ಮಂದಿಗೆ ಮತ್ತು ಪಡೆಯದವರಲ್ಲಿ ಶೇ. 51 ಮಂದಿಗೆ ತೊಂದರೆಗಳು ಕಾಣಿಸಿಕೊಂಡವು. ಎಂದರೆ ವ್ಯತ್ಯಾಸವಿಲ್ಲ. ಈ ಅಂಕಿಯಿಂದ ಭಕ್ತರು ಕುಗ್ಗಬೇಕಾದ್ದಿಲ್ಲ, ಆದರೆ ಪ್ರಾರ್ಥನೆಯನ್ನು ಔಷಧಿಯ ಜಾಗದಲ್ಲಿ ಇಡಬಾರದೆಂಬುದನ್ನು ಗಮನಿಸಬೇಕು.

ಆಚರಣೆಗಳ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಶಸ್ತ್ರಚಿಕಿತ್ಸೆಯ ಬೆಳಗ್ಗೆ ಮಗುವಿನ ಬಾಯಿಗೆ ತೀರ್ಥ ಪ್ರಸಾದ ಹಾಕಬೇಡಿ. ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ; ಆದ್ದರಿಂದ ಅರಿವಳಿಕೆ ವೈದ್ಯರು ಹೇಳಿದ ಗಂಟೆಯ ನಂತರ ಒಂದು ಕಾಳು ಸಕ್ಕರೆಯೂ ಬೇಡ. ಫಿಟ್ಸ್ ಇರುವ ಮಗುವಿಗೆ ಪಚ್ಚಕರ್ಪೂರ ಬೆರೆಸಿದ ತೀರ್ಥವನ್ನು ಬೇರೆ ದಿನಗಳಲ್ಲಿಯೂ ಕೊಡಬಾರದು, ಏಕೆಂದರೆ ಕರ್ಪೂರ ಹೊಟ್ಟೆಗೆ ಹೋದರೆ ಆರೋಗ್ಯವಂತ ಮಕ್ಕಳಿಗೂ ಸೆಳವು ಬರಬಹುದು. ಇದು ಬಹಳ ಮನೆಗಳಲ್ಲಿ ತಿಳಿದಿಲ್ಲವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಲೋಹದ ತಾಯತವನ್ನು ಎಂಆರ್‌ಐ ಕೋಣೆಗೆ ಹೋಗುವ ಮೊದಲು ತೆಗೆಯಲೇಬೇಕು. ಅದನ್ನು ತಾಯಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡರೆ ಯಾವ ದೈವವೂ ಮುನಿಯುವುದಿಲ್ಲ. ಹೇಗೂ ಕೂದಲು ತೆಗೆಯುತ್ತಾರಲ್ಲ ಎಂದು ಹಿಂದಿನ ದಿನವೇ ಮುಡಿ ಕೊಟ್ಟು ಬರುವುದೂ ಸರಿಯಲ್ಲ. ಕ್ಷೌರದ ಕತ್ತಿಯಿಂದಾಗುವ ಸಣ್ಣ ಗೀರುಗಳಿಂದ ಗಾಯಕ್ಕೆ ಸೋಂಕು ತಗಲಬಹುದು, ಹೀಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಬೋಳಿಸಬಾರದು, ತೆಗೆಯಲೇಬೇಕಾದರೆ ಕೂದಲು ಕತ್ತರಿಸುವ ಕ್ಲಿಪರ್ ಯಂತ್ರದಿಂದ ಮಾತ್ರ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಳ್ಳೆಯ ದಿನ ನೋಡಿ ಒಂದೆರಡು ವಾರ ಹಿಂದೆ ಮುಂದೆ ಮಾಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಸೂಚನೆಗಾಗಿ ತಿಂಗಳುಗಟ್ಟಲೆ ಕಾಯುವುದು ತಪ್ಪು.

ಮಗುವಿನೊಡನೆ ಮಾತನಾಡುವಾಗ ದೇವರು ನಿನ್ನ ಜೊತೆ ಇರುತ್ತಾನೆ ಎನ್ನಿ. ನೋವೇ ಆಗುವುದಿಲ್ಲ, ಇನ್ನು ಯಾವತ್ತೂ ಫಿಟ್ಸ್ ಬರುವುದಿಲ್ಲ ಎಂದು ದೇವರ ಹೆಸರಿನಲ್ಲಿ ಮಾತು ಕೊಡಬೇಡಿ. ಸೆಳವು ಮತ್ತೆ ಬಂದರೆ ದೇವರಿಗೆ ತಾನು ಬೇಡವಾದೆನೆಂದು ಮಗು ಭಾವಿಸಬಹುದು.

ಆಪರೇಷನ್ ಥಿಯೇಟರಿನ ಹೊರಗಿನ ಹೊತ್ತು ದೀರ್ಘವಾದುದು. ಮಗುವನ್ನು ಒಳಗೆ ಕರೆದೊಯ್ದ ಮೇಲೆ ಅರಿವಳಿಕೆ ಕೊಟ್ಟು, ನಳಿಕೆಗಳನ್ನು ಹಾಕಿ, ತಲೆಯನ್ನು ಸರಿಯಾದ ಭಂಗಿಯಲ್ಲಿ ನಿಲ್ಲಿಸುವುದಕ್ಕೇ ಸಾಕಷ್ಟು ಸಮಯ ಹಿಡಿಯುತ್ತದೆ. ಆದ್ದರಿಂದ ಹೇಳಿದ್ದಕ್ಕಿಂತ ತಡವಾದರೆ ಏನೋ ಕೆಟ್ಟದಾಗಿದೆ ಎಂದುಕೊಳ್ಳಬೇಕಾಗಿಲ್ಲ. ಸಹಸ್ರನಾಮವನ್ನೋ ಜಪಮಾಲೆಯನ್ನೋ ಕುರಾನ್ ಪಠಣವನ್ನೋ ಆಸರೆಯಾಗಿ ಹಿಡಿದುಕೊಳ್ಳಿ. ಆದರೆ ನಿರಾಹಾರದ ವ್ರತ ಹಿಡಿಯಬೇಡಿ. ಆ ರಾತ್ರಿ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಎಚ್ಚರವಾಗಿರಬೇಕಾದವರು ನೀವೇ. ಪ್ರಾರ್ಥಿಸಲು ಬಾಯಿಯೇ ಬಾರದೆ ಸುಮ್ಮನೆ ಕುಳಿತಿರುವ ತಂದೆಯೂ ಇರುತ್ತಾನೆ. ಅವನ ನಂಬಿಕೆಯನ್ನು ಅಲ್ಲಿ ಯಾರೂ ಪರೀಕ್ಷಿಸದಿರಲಿ.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಸೆಳವು ಬಂದರೆ ಎಲ್ಲವೂ ವ್ಯರ್ಥವಾಯಿತೆಂದು ಅರ್ಥವಲ್ಲ. ಗಾಯಗೊಂಡ ಮೆದುಳು ಶಾಂತವಾಗುವವರೆಗೆ ಹಾಗಾಗುವುದುಂಟು, ವೈದ್ಯರಿಗೆ ತಿಳಿಸಿ. ಸೆಳವು ಪೂರ್ತಿ ನಿಂತರೂ ವೈದ್ಯರು ಹೇಳುವವರೆಗೆ ಔಷಧಿ ಮುಂದುವರಿಯಲೇಬೇಕು. ಹರಕೆ ತೀರಿಸುವ ಆತುರದಲ್ಲಿ ಇದು ತಪ್ಪಿಹೋಗುತ್ತದೆ. ಗಾಯ ಪೂರ್ಣವಾಗಿ ಮಾಗಿದೆಯೆಂದು ಶಸ್ತ್ರವೈದ್ಯರು ಹೇಳಿದ ಮೇಲೆಯೇ ಮುಡಿ ಕೊಡಿಸಿ, ಹೊಲಿಗೆಯ ಗುರುತು ಎಲ್ಲಿದೆಯೆಂದು ಕ್ಷೌರಿಕರಿಗೆ ಮೊದಲೇ ತೋರಿಸಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಡಿಸಿ ಕರೆದೊಯ್ಯದೆ ಹಗಲಿನಲ್ಲಿ ಹೊರಡಿ, ಏಕೆಂದರೆ ನಿದ್ದೆ ತಪ್ಪಿದರೆ ಸೆಳವು ಮರುಕಳಿಸಬಹುದು. ಮಾತ್ರೆಯ ಹೊತ್ತಾದಾಗ ದರ್ಶನದ ಸಾಲಿನಲ್ಲಿದ್ದರೂ ಸರಿ, ಅಲ್ಲಿಯೇ ಕೊಡಿ.