ತಟ್ಟೆಯಲ್ಲಿ ಬೆಳೆದ ನರಕೋಶ ಮಗನಿಗೆ ಹಾಕಿಸುವ ಔಷಧಿಯಲ್ಲ

ಪ್ರಶ್ನೆ: ಮಗನಿಗೆ ಎಂಟು ವರ್ಷ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇದೆ. ಕಾಂಡಕೋಶದಿಂದ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ) ಮಿದುಳಿನ ನರಕೋಶ ಬೆಳೆಸುತ್ತಾರಂತಲ್ಲ, ಅದನ್ನು ಇವನಿಗೆ ಹಾಕಿಸಿದರೆ ಗುಣವಾಗುತ್ತದೆಯೇ?

ಇಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಟ್ಟಿಲ್ಲ. ಆದರೂ ಮತ್ತೆ ಬರೆಯುತ್ತೇನೆ, ಏಕೆಂದರೆ ಇದನ್ನು ನಂಬಿ ಒಡವೆ ಅಡವಿಡಲು ಹೊರಟವರಿದ್ದಾರೆ.

ಆ ನರಕೋಶ ಹುಟ್ಟುವುದು ಒಂದಿಷ್ಟು ರಕ್ತದಿಂದ, ಇಲ್ಲವೇ ಬುಡಸಮೇತ ಕಿತ್ತ ಕೂದಲಿನಿಂದ. ಮಿದುಳನ್ನು ಯಾರೂ ಮುಟ್ಟುವುದಿಲ್ಲ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಕೋಶಕ್ಕೆ ನಾಲ್ಕೇ ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದ ಸ್ಥಿತಿಗೆ, ಅಂದರೆ ಕಾಂಡಕೋಶವಾಗಿ, ಮರಳಿಸಿದರು. 2012ರಲ್ಲಿ ನೊಬೆಲ್ ಬಂತು. ಅಂಥ ಕೋಶವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ವಾರಗಟ್ಟಲೆ ಸಾಕಿದರೆ ನರಕೋಶವಾಗುತ್ತದೆ.

ಇನ್ನು ‘ಹಾಕಿಸುವ’ ಮಾತು. ಎಡಿಎಚ್‌ಡಿಯಲ್ಲಿ ನರಕೋಶ ಸತ್ತು ಗುಂಡಿ ಬಿದ್ದಿರುವುದಿಲ್ಲ, ಹೊಸತು ತುಂಬಿ ಮುಚ್ಚುವುದಕ್ಕೆ. ಮಿದುಳಿನ ಜಾಲಗಳು ಹೆಣೆದುಕೊಳ್ಳುವ ರೀತಿ, ಮಾಗುವ ವೇಗ ಬೇರೆ, ಅಷ್ಟೆ. ಮಗನದೇ ಕೋಶದಿಂದ ಬೆಳೆಸಿದ ನರಕೋಶದಲ್ಲಿ ಅವನದೇ ಜೀನ್‌ಗಳಿರುತ್ತವೆ. ತಿರುಗಿ ಹಾಕಿದರೆ ಬದಲಾಗುವುದೇನು? ಪೂರ್ತಿ ಮಾಗದ ಕೋಶ ಉಳಿದುಕೊಂಡರೆ ಗಡ್ಡೆಯಾಗುವ ಅಪಾಯ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶ ಕೊಡುವುದು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ದುಡ್ಡು ತೆಗೆದುಕೊಂಡು ‘ಪ್ಯಾಕೇಜ್’ ಮಾರುವವರ ಬಾಗಿಲಿಗೆ ದಯವಿಟ್ಟು ಹೋಗಬೇಡಿ. ವೈದ್ಯರು ಹೇಳಿದ ವರ್ತನಾ ತರಬೇತಿ, ಮಾತ್ರೆಗಳನ್ನು ಇದಕ್ಕಾಗಿ ನಿಲ್ಲಿಸಬೇಡಿ.

ಹಾಗಾದರೆ ಬೆಳೆಸುವುದೇಕೆ? ಎಡಿಎಚ್‌ಡಿ ಇರುವವರ ಕೋಶವನ್ನು ಇಲ್ಲದವರ ಕೋಶದೊಂದಿಗೆ ಹೋಲಿಸಿ ನೋಡಲು. ಎಡಿಎಚ್‌ಡಿಯಲ್ಲಿ ಅನುವಂಶಿಕತೆಯ ಪಾಲು ಸುಮಾರು 74%, ಆದರೆ ಹೊಣೆ ಒಂದೇ ಜೀನಿನದಲ್ಲ. ಸಾವಿರಾರು ಸಣ್ಣ ವ್ಯತ್ಯಾಸಗಳು ಸೇರಿರುತ್ತವೆ. ಅವೆಲ್ಲ ಒಟ್ಟಿಗಿರುವುದು ಮಗುವಿನ ಕೋಶದಲ್ಲೇ. ಜೂರಿಕ್‌ನ ಸಂಶೋಧಕರು ಹೀಗೇ ಹೋಲಿಸಿ, ಎಡಿಎಚ್‌ಡಿ ಇರುವವರಿಂದ ಬೆಳೆಸಿದ ನರ ಕಾಂಡಕೋಶಗಳು (ಮುಂದೆ ನರಕೋಶವಾಗುವಂಥವು) ನಿಧಾನವಾಗಿ ವೃದ್ಧಿಯಾಗುವುದನ್ನು ಕಂಡರು. ನಮ್ಮ ಬೆಂಗಳೂರಿನಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ, ಬಳ್ಳಾರಿ ರಸ್ತೆಯ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಕೂಡಿ ಇದೇ ದಾರಿಯಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆಗಳಿರುವ ಕುಟುಂಬಗಳ ಕೋಶಗಳನ್ನು ಅಧ್ಯಯನ ಮಾಡುತ್ತಿವೆ. ಹೊಸೂರು ರಸ್ತೆಯಲ್ಲಿ ಕೊಟ್ಟ ರಕ್ತ ಬಳ್ಳಾರಿ ರಸ್ತೆಯಲ್ಲಿ ನರಕೋಶವಾಗುವುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಆ ನರಕೋಶಕ್ಕೆ ವಯಸ್ಸೆಷ್ಟು? ಎಂಟು ವರ್ಷವಲ್ಲ. ಹಿಂದಕ್ಕೆ ಮರಳಿಸಿದಾಗ ಕೋಶದ ವಯಸ್ಸೂ ಅಳಿಸಿಹೋಗುತ್ತದೆ. ತಟ್ಟೆಯಲ್ಲಿರುವುದು ಗರ್ಭದ ಶಿಶುವಿನ ನರಕೋಶದಂಥದ್ದು. 2007ರಲ್ಲಿ ಅಮೆರಿಕದ ಅಧ್ಯಯನವೊಂದು ಮಕ್ಕಳನ್ನು ವರ್ಷಗಟ್ಟಲೆ ಎಂಆರ್‌ಐ ಮಾಡಿ, ಮಿದುಳಿನ ಹೊರಪದರ ಗರಿಷ್ಠ ದಪ್ಪ ಮುಟ್ಟುವ ವಯಸ್ಸು ಸಾಮಾನ್ಯವಾಗಿ ಏಳೂವರೆ, ಎಡಿಎಚ್‌ಡಿ ಇದ್ದವರಲ್ಲಿ ಹತ್ತೂವರೆ ಎಂದು ತೋರಿಸಿತು. ಆ ಮೂರು ವರ್ಷದ ವ್ಯತ್ಯಾಸ ತಟ್ಟೆಯಲ್ಲಿ ಕಾಣಿಸದು. ಅದು ಗರ್ಭದಲ್ಲೇ ಶುರುವಾಗಿತ್ತೇ ಎಂದು ಹುಡುಕಲು ಮಾತ್ರ ತಟ್ಟೆ ಬೇಕು.